ಮೂಲೆಗೂ ಬಾಡಿಗೆ ಇದೆ

ಬೀಗ ರಿಪೇರಿ ಅಂಗಡಿಯಲ್ಲಿ ಅಜ್ಜ ಕುಸಿದು ಬಿದ್ದ ಸುದ್ದಿಯನ್ನು ಪಕ್ಕದ ಚಪ್ಪಲಿ ಅಂಗಡಿಯವನು ತಂದಾಗ ಅಜ್ಜಿ ಅಜ್ಜನ ಅಂಗಿಗೇ ಗುಂಡಿ ಹೊಲಿಯುತ್ತಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ದೇವರು ಕೊಟ್ಟ, ದೇವರೇ ಕರೆಸಿಕೊಂಡ ಎಂದು ಅಜ್ಜಿ ಮನಸ್ಸಿಗೆ ಹೇಳಿಕೊಂಡರು. ಮನಸ್ಸು ಕೇಳಲಿಲ್ಲ.

ಕೆಲವು ದಿನ ಕಳೆದು ಭಾನುವಾರ ಬಂತು. ಮೊಮ್ಮಗಳು ಗುಬ್ಬಿಯನ್ನು ಸೊಸೆ ಕರೆತಂದಳು. ಮಗ ಸೊಸೆ ಬೇರೆಯಾಗಿ ಎರಡು ವರ್ಷ. ಎಂಟು ವರ್ಷದ ಗುಬ್ಬಿ ಇರುವುದು ತಾಯಿಯ ಹತ್ತಿರ. ಭಾನುವಾರ ಮಾತ್ರ ಅಪ್ಪ, ಅಜ್ಜಿಯ ಜೊತೆ.

ಸೊಸೆ ಬಾಗಿಲಲ್ಲೇ ನಿಂತು ಮಗನಿಗೆ ಹೇಳಿದಳು: “ಸಾವಾದ ಮನೇಲಿ ಕೇಳೋಕೆ ನಾಲಿಗೆ ಬರಲ್ಲ. ಆದ್ರೆ ಈ ತಿಂಗಳ ದುಡ್ಡು ಬರಲಿಲ್ಲ. ಬಾಡಿಗೆ ಕಟ್ಟಬೇಕು.”

“ಯಾವ ದುಡ್ಡು?”

“ನೀವು ತಿಂಗಳು ತಿಂಗಳು ಮಾವನ ಕೈಲಿ ಐದು ಸಾವಿರ ಕಳಿಸ್ತಿದ್ರಲ್ಲ, ಅದು.”

“ನಾನು ಕಳಿಸೇ ಇಲ್ಲ. ನೀನು ಕೇಳಲಿಲ್ಲ, ಹೇಗೋ ನಡೀತಿದೆ ಅಂದ್ಕೊಂಡಿದ್ದೆ.”

ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ಇವನು ಸುಳ್ಳಾಡುತ್ತಿಲ್ಲ, ಅವಳೂ ಆಡುತ್ತಿಲ್ಲ. ಹಾಗಾದರೆ ಐದು ಸಾವಿರ ಬಂದದ್ದೆಲ್ಲಿಂದ? “ಈಗ ಬೀಗ ಕೆಡೋದೇ ನಿಂತುಹೋಗಿದೆ ಕಣೇ, ವ್ಯಾಪಾರವೇ ಇಲ್ಲ” ಎಂದು ಅಜ್ಜ ನಗುತ್ತಿದ್ದದ್ದು ನೆನಪಾಯಿತು. ಹಾಗೆಂದವರು ಕತ್ತಲಾಗುವವರೆಗೂ ಅಂಗಡಿ ಮುಚ್ಚುತ್ತಿರಲಿಲ್ಲ. ದುಡಿದದ್ದನ್ನು ಮಗನ ಹೆಸರಲ್ಲಿ ಸೊಸೆಗೆ ಕೊಡುತ್ತಿದ್ದರು. ಅಜ್ಜಿಗೆ ಅಳು ಬಂತು, ಸಿಟ್ಟೂ ಬಂತು. ಮಗನ ಮಾನ ಉಳಿಸಲು ಹೋಗಿ, ಕೇಳಬೇಕಾದ ಮಾತನ್ನು ಯಾರೂ ಕೇಳದಂತೆ ಮಾಡಿ ಹೊರಟುಬಿಟ್ಟರಲ್ಲ.

“ಹಾಗಿದ್ರೆ ನಾವು ಅಣ್ಣನ ಊರಿಗೆ ಹೋಗ್ತೀವಿ. ಈ ಊರಿನ ಬಾಡಿಗೆ ನನ್ನೊಬ್ಬಳ ಕೈಲಿ ಆಗಲ್ಲ,” ಎಂದಳು ಸೊಸೆ.

ಅಜ್ಜಿ ಗುಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅಜ್ಜ ಹೋದರು. ಇನ್ನು ಗುಬ್ಬಿಯೂ?

“ಎಷ್ಟು ಬೇಕು, ಹೇಳಿಬಿಡು,” ಎಂದ ಮಗ.

“ಹದಿನಾಲ್ಕು ಸಾವಿರ.”

“ಲಾರಿ ಓಡಿಸೋನು ನಾನು, ಲಾರಿ ನಂದಲ್ಲ. ಎರಡು ಸಾವಿರ ಕೊಡ್ತೀನಿ.”

“ಮಧ್ಯಕ್ಕೆ ಎಂಟು ಮಾಡ್ಕೊಳ್ರಪ್ಪ,” ಎಂದರು ಅಜ್ಜಿ ಗಾಬರಿಯಲ್ಲಿ.

“ತರಕಾರಿ ವ್ಯಾಪಾರವೇನಜ್ಜಿ ಇದು?” ಎಂದಳು ಮೆಟ್ಟಿಲಿಳಿದು ಬಂದ ಕನ್ನಡಕದಕ್ಕ. ಮಹಡಿ ಮನೆಯವಳು; ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೆಲಸ. “ಸಿಟ್ಟಿನ ಲೆಕ್ಕ ಬಿಡಿ. ಗುಬ್ಬಿಗೆ ಏನೇನು ಬೇಕು, ಅದರಿಂದ ಶುರುಮಾಡಿ.”

ಊಟ, ಶಾಲೆ, ಬಸ್ಸು, ಬಟ್ಟೆ, ಔಷಧಿ ಎಂದು ಸೊಸೆ ಹೇಳುತ್ತ ಹೋದಳು.

“ಮನೆ ಬಾಡಿಗೇಲಿ, ಕರೆಂಟಲ್ಲಿ ಅವಳ ಪಾಲು?” ಎಂದಳು ಕನ್ನಡಕದಕ್ಕ.

“ಅವಳು ಮಲಗೋದು ಒಂದು ಮೂಲೇಲಿ ಕಣಮ್ಮ,” ಎಂದರು ಅಜ್ಜಿ.

“ಮೂಲೆಗೂ ಬಾಡಿಗೆ ಇದೆ ಅಜ್ಜಿ.”

ಎಲ್ಲ ಕೂಡಿಸಿದಾಗ ತಿಂಗಳಿಗೆ ಒಂಬತ್ತು ಸಾವಿರವಾಯಿತು.

“ಇಬ್ಬರೂ ಹೆತ್ತವರೇ. ಅರ್ಧರ್ಧ ಅಲ್ವಾ?” ಎಂದರು ಅಜ್ಜಿ.

“ದುಡಿಮೆ ಅರ್ಧರ್ಧ ಇದ್ರೆ ಹಂಚೋದೂ ಅರ್ಧರ್ಧ. ಇವನ ಸಂಪಾದನೆ ಎಷ್ಟು?”

“ಒಂದು ತಿಂಗಳು ಕೈತುಂಬ, ಒಂದು ತಿಂಗಳು ಬರಿಗೈ,” ಎಂದ ಮಗ.

“ವರ್ಷದ್ದೆಲ್ಲ ಕೂಡಿಸಿ ಹನ್ನೆರಡು ಪಾಲು ಮಾಡು.”

ಅವನ ಸರಾಸರಿ ಮೂವತ್ತು ಸಾವಿರ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಸೊಸೆಗೆ ಹದಿನೈದು. ಅವಳ ಒಂದಕ್ಕೆ ಅವನದು ಎರಡು. ಹಾಗಾಗಿ ಒಂಬತ್ತರಲ್ಲಿ ಆರು ಅವನದು, ಮೂರು ಅವಳದು.

“ನಾನು ಗೊಂಬೆ, ಸೈಕಲ್ಲು ಕೊಡಿಸ್ತೀನಲ್ಲ, ಅದು?”

“ಅದು ನಿನ್ನ ಪ್ರೀತಿ. ಹಾಲಿನವನು ಗೊಂಬೆ ತಗೊಂಡು ಹಾಲು ಕೊಡ್ತಾನೇನಪ್ಪ?”

ಮಗ ತಲೆ ತಗ್ಗಿಸಿ ನಕ್ಕ. ಸೊಸೆಯೂ ನಕ್ಕಳು. ಅಜ್ಜಿ ಮಾತ್ರ ಬೆರಳು ಮಡಿಚುತ್ತಲೇ ಇದ್ದರು. “ಅಂದ್ರೆ ಆರು ಅಂತ ಖಾಯಂ ಆಯ್ತಾ?”

“ಇಲ್ಲ ಅಜ್ಜಿ, ಇದು ಅಂದಾಜು. ಒಂದೊಂದು ಕಡೆ ಒಂದೊಂದು ನಿಯಮ. ನಾಳೆ ಇಬ್ಬರೂ ಕೇಂದ್ರಕ್ಕೆ ಬರಲಿ. ಕೋರ್ಟಿನ ಆದೇಶವಾದ್ರೆ ಅದೇ ಗಟ್ಟಿ. ಮುಂದೆ ಇವನ ದುಡಿಮೆ ಕುಗ್ಗಿದ್ರೆ, ಗುಬ್ಬಿ ಖರ್ಚು ಹೆಚ್ಚಿದ್ರೆ, ಇಲ್ಲ ಅವಳು ಅಪ್ಪನ ಹತ್ತಿರ ಹೆಚ್ಚು ದಿನ ಇದ್ರೆ, ಮತ್ತೆ ಲೆಕ್ಕ ಹಾಕಿಸಬಹುದು.”

“ನನಗೆ ಅರ್ಧ ತಿಳೀತು, ಅರ್ಧ ಗೋಜಲು.”

“ಗೋಜಲಾದ್ರೆ ಕೇಳೋದು. ಸುಮ್ಮನಿರೋದಲ್ಲ.”

ಆರು ಸಾವಿರ. ಅಜ್ಜ ತಲುಪಿಸುತ್ತಿದ್ದದ್ದು ಐದು. ಯಾರನ್ನೂ ಕೇಳದೆ ಆ ಮನುಷ್ಯ ಹೆಚ್ಚುಕಡಿಮೆ ಸರಿಯಾಗಿಯೇ ಅಂದಾಜು ಮಾಡಿದ್ದರು.

“ಈ ತಿಂಗಳದ್ದು ಸಂಜೆಯೊಳಗೆ ತಂದುಕೊಡ್ತೀನಿ, ನಾನೇ,” ಎಂದ ಮಗ.

ಸೊಸೆ ಅಜ್ಜಿಯ ಮುಖ ನೋಡಿದಳು. “ಊರಿಗೆ ಬರಲ್ಲ ಅಂತ ಅಣ್ಣನಿಗೆ ಹೇಳ್ತೀನಿ ಅತ್ತೆ.”

ಇದನ್ನು ಓದುತ್ತಿರುವ ತಾಯಂದಿರೇ, ತಂದೆಯರೇ, ಗಂಡ ಹೆಂಡತಿ ಬೇರೆಯಾಗಬಹುದು. ಅಪ್ಪ ಅಮ್ಮ ಆಗಿರುವುದು ತಪ್ಪುವುದಿಲ್ಲ. ಮಗುವಿನ ಖರ್ಚನ್ನೂ ಇಬ್ಬರ ದುಡಿಮೆಯನ್ನೂ ಮುಚ್ಚುಮರೆಯಿಲ್ಲದೆ ಎದುರಿಗಿಟ್ಟು ಕೂಡಿಸಿ. ತಿಳಿಯದಿದ್ದರೆ ನಿಮ್ಮ ಹತ್ತಿರದ ಕಾನೂನು ನೆರವು ಕೇಂದ್ರದಲ್ಲಿ ಕೇಳಿ. ಆ ಹೊರೆಯನ್ನು ಮುದಿ ಹೆಗಲೊಂದು ಗುಟ್ಟಾಗಿ ಹೊರುವಂತೆ ಮಾಡಬೇಡಿ.

ಭಗವಂತ, ಅಜ್ಜ ಹೊತ್ತದ್ದನ್ನು ಈಗ ಹೊರಬೇಕಾದವರೇ ಹೊತ್ತಿದ್ದಾರೆ. ದಣಿದು ಬಂದ ಆ ಜೀವವನ್ನು ನಿನ್ನ ನೆರಳಲ್ಲಿ ಕೂರಿಸಿಕೊ. ಅವರಿಗೆ ಶಾಂತಿಯಿರಲಿ.