ಲಿಬಾನ್ ಕೇಳಿದ ಕಾರಣ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಮೊದಲ ಕರಡಿನಲ್ಲಿ ಒಂದು ಸ್ಫೋಟ ಹಾಕಿದ್ದೆ. ಭಯೋತ್ಪಾದನೆಯ ಕಾನೂನು ಅಂದಮೇಲೆ ಸ್ಫೋಟವಿಲ್ಲದೆ ನೀವು ಓದುತ್ತೀರಾ ಎಂಬ ಅನುಮಾನ. ಅದನ್ನು ವಿನ್ನಿ ಟಾಲಿವರ್ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ.

"ನಮ್ಮ ಸ್ಟುಡಿಯೋದಲ್ಲಿ ಇಷ್ಟು ವರ್ಷದಲ್ಲಿ ಸಿಡಿದಿದ್ದು ಒಂದೇ, ಆಲ್ಡನ್ ತಂದ ಸೋಡಾ ಬಾಟ್ಲಿ. ತೆಗಿಯಮ್ಮ ಅದನ್ನ," ಅಂದರು.

ತೆಗೆದೆ.

೨

ಹಾಗಾದರೆ ನೆಲಮಾಳಿಗೆಯಿಂದ ಶುರು ಮಾಡೋಣ. ವಾಷಿಂಗ್ಟನ್ನಿನ ಡುಪಾಂಟ್ ಸರ್ಕಲ್ಲಿನ ಹತ್ತಿರ ನಮ್ಮ ಸ್ಟುಡಿಯೋ. ಪ್ರತಿ ಗುರುವಾರ ಬೆಳಿಗ್ಗೆ ಇಬ್ಬರು ಮುದಿ ವಕೀಲರು ಅಲ್ಲಿ ಕೂತು ದೇಶದ ಭದ್ರತೆಯ ಕಾನೂನಿನ ಬಗ್ಗೆ ಜಗಳವಾಡುತ್ತಾರೆ. ನಾನು ಅದನ್ನು ರೆಕಾರ್ಡ್ ಮಾಡಿ, ಕೆಮ್ಮು ಕತ್ತರಿಸಿ, ಪಾಡ್‌ಕಾಸ್ಟ್ ಅಂತ ಬಿಡುತ್ತೇನೆ.

ಆಲ್ಡನ್ ಬ್ರಾಂಡ್‌ವೋಲ್ಡ್ ಒಂದು ಕಾಲಕ್ಕೆ ಸರ್ಕಾರದ ವಕೀಲರು. ವಿನ್ನಿ ಅದೇ ಸರ್ಕಾರದ ಮೇಲೆ ಕೇಸು ಹಾಕುತ್ತಿದ್ದ ವಕೀಲೆ. ಕೋರ್ಟಿನಲ್ಲಿ ಹೊಡೆದಾಡಿ ಹೊಡೆದಾಡಿ, ನಿವೃತ್ತರಾದ ಮೇಲೆ ಒಬ್ಬರನ್ನೊಬ್ಬರು ಬಿಟ್ಟಿರಲಾಗದೆ ಈ ಕೆಲಸ ಹಚ್ಚಿಕೊಂಡರು.

"ಸರ್ಕಾರ ಅಂದ್ಮೇಲೆ ಗುಟ್ಟು ಇರುತ್ತೆ ವಿನ್ನಿ. ನಿನ್ನ ನಿಂಬೆ ಕೇಕಿಗೇ ಇದೆಯಲ್ಲ."

"ನನ್ನ ಕೇಕಿಗೋಸ್ಕರ ಯಾರನ್ನೂ ವಿಮಾನ ಹತ್ತದ ಹಾಗೆ ತಡೆದಿಲ್ಲ ಮಾರಾಯ."

(ಇವರನ್ನು ಕನ್ನಡಕ್ಕೆ ತರುವಾಗ ಬಹುವಚನದ ತಾಪತ್ರಯ. ಇಂಗ್ಲಿಷಿನಲ್ಲಿ ಎಲ್ಲರೂ 'ಯೂ'. ಮುದುಕರಿಬ್ಬರಿಗೆ ಮರ್ಯಾದೆ ಕೊಟ್ಟಿದ್ದೇನೆ. ಈಗ ಬರುವ ಲಿಬಾನ್ ನನ್ನ ಓರಗೆಯವನು, ಅವನಿಗೆ ಏಕವಚನ.)

೩

ಲಿಬಾನ್ ಗುಲೇದ್ ಸೊಮಾಲಿಯಾ ಕಡೆಯವನು, ವಾಷಿಂಗ್ಟನ್ನಿನ ಪಕ್ಕದ ಅಲೆಕ್ಸಾಂಡ್ರಿಯಾದಲ್ಲಿ ಮನೆ, ಫರ್ನಿಚರ್ ಲಾರಿ ಓಡಿಸುತ್ತಾನೆ. ಒಮ್ಮೆ ಹುಟ್ಟೂರು ಹರ್ಗೀಸಾದಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದಾರೆಂದು ಫೋನ್ ಬಂತು. ಏರ್‌ಪೋರ್ಟಿಗೆ ಓಡಿದ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು, ಅವನ ಮುಖ ನೋಡಿದಳು, ಆಮೇಲೆ ಇಬ್ಬರು ಪೊಲೀಸರು ಬಂದರು. ವಿಮಾನ ಹತ್ತಬಾರದವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಯಾಕೆ ಅಂದರೆ, ಹೇಳುವಂತಿಲ್ಲ.

ವಿನ್ನಿ ಅವನ ಪರ ಕೇಸು ಹಾಕಿದರು. ಎದುರಿಗೆ ನಿಂತವರು ಆಲ್ಡನ್. ಕಾರಣ ಹೇಳಿದರೆ ದೇಶಕ್ಕೆ ಅಪಾಯ ಎಂದು ವಾದಿಸಿದರು, ಬಾಗಿಲು ಹಾಕಿಕೊಂಡು ಜಡ್ಜಿಗೆ ಮಾತ್ರ ಹೇಳಿದರು, ಗೆದ್ದರು. ಲಿಬಾನನ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಕೆಲವು ವರ್ಷಗಳ ಮೇಲೆ ಸರ್ಕಾರ ತಾನಾಗಿಯೇ ಅವನ ಹೆಸರು ತೆಗೆಯಿತು. ಆಗಲೂ ಕಾರಣ ಹೇಳಲಿಲ್ಲ.

ಲಿಬಾನನಿಗೆ ಬೇಕಾಗಿದ್ದು ಅದೊಂದೇ.

೪

ಆಲ್ಡನ್ ಅವರ ಹೆಂಡತಿ ಕಾರಿನ್ ಚಳಿಗಾಲದಲ್ಲಿ ಫೋನ್ ಮಾಡಿದರು. ಡಾಕ್ಟರು ಮರೆವಿನ ಕಾಯಿಲೆ ಅಂದಿದ್ದರು.

"ಆದ್ರೂ ಈ ಪ್ರೋಗ್ರಾಂ ಬಿಡಿಸ್ಬೇಡಿ. ಗುರುವಾರ ಅಂದ್ರೆ ಅವರೇ ಎದ್ದು ಶೇವ್ ಮಾಡ್ಕೊತಾರೆ."

ಬಿಡಿಸಲಿಲ್ಲ. ಒಂದೇ ಮಾತನ್ನು ಎರಡು ಸಲ ಹೇಳಿದರೆ ನಾನು ಒಂದನ್ನು ಕತ್ತರಿಸುತ್ತಿದ್ದೆ. ಸೋಜಿಗವೆಂದರೆ ಕಾನೂನು ಅವರಿಗೆ ಒಂದಕ್ಷರ ಮರೆತಿರಲಿಲ್ಲ. ಮರೆತದ್ದು ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂಬುದು. ನಮಗಿದು ಗೊತ್ತಾದದ್ದು ಲಿಬಾನ್ ಅತಿಥಿಯಾಗಿ ಬಂದ ಗುರುವಾರ. ಅವನನ್ನು ಕರೆಸಬೇಕೆಂದು ವರ್ಷದ ಹಿಂದೆ ಹಟ ಹಿಡಿದಿದ್ದವರು ಆಲ್ಡನ್ನೇ. "ಆ ಮನುಷ್ಯನ ಮುಖ ನೋಡಿ ಒಂದ್ಸಲ ಮಾತಾಡ್ಬೇಕು ವಿನ್ನಿ," ಅಂದಿದ್ದರು.

೫

ಲಿಬಾನ್ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದಿದ್ದ. ಮಾತು ಚೆನ್ನಾಗಿಯೇ ಸಾಗಿತ್ತು. ಅವನು ತಾಯಿಯ ವಿಷಯ ಹೇಳಿ ಮುಗಿಸಿದಾಗ ಆಲ್ಡನ್ ತಲೆಯಾಡಿಸಿದರು.

"ಅದು ಸಣ್ಣ ವಿಷಯ ಕಣೋ. ವಿನ್ನಿ ಹೇಳ್ಲಿಲ್ವಾ ನಿಂಗೆ? ಆಗಿದ್ದೇನಂದ್ರೆ..."

ಲಿಬಾನ್ ಮೇಜಿನ ಅಂಚು ಹಿಡಿದುಕೊಂಡ. ವಿನ್ನಿ ಗಾಜಿನಾಚೆಯಿಂದ ನನಗೆ ಕೈ ಎತ್ತಿದರು, ರೆಕಾರ್ಡಿಂಗ್ ನಿಲ್ಲಿಸಿದೆ. ಅವರು ತಾವು ತಂದಿದ್ದ ನಿಂಬೆ ಕೇಕಿನ ಒಂದು ತುಂಡನ್ನು ಎತ್ತಿ ಆಲ್ಡನ್ ಅವರ ಬಾಯಿಗೇ ಇಟ್ಟರು.

"ಮೊದ್ಲು ಇದನ್ನ ತಿನ್ನು," ಅಂದರು.

ಆಲ್ಡನ್ ತಿಂದರು. ತಿಂದು ಮುಗಿಸುವಷ್ಟರಲ್ಲಿ ಏನು ಹೇಳಹೊರಟಿದ್ದೆನೆಂಬುದು ಅವರಿಗೆ ಮರೆತಿತ್ತು.

೬

ಕಾರಿಡಾರಿನಲ್ಲಿ ಲಿಬಾನ್ ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಅವರು ಹೇಳ್ತಾ ಇದ್ರು."

"ಹೌದು."

"ನೀವು ನನ್ನ ವಕೀಲರಾ, ಅವರ ವಕೀಲರಾ?"

"ನಿನ್ನ ವಕೀಲೆ," ಅಂದರು ವಿನ್ನಿ. "ಆ ಒಂದು ನಿಮಿಷ ಅವನ ಸ್ನೇಹಿತೆ ಆಗ್ಬಿಟ್ಟೆ. ತನ್ನ ಮೇಲೆ ತನಗೇ ಹಿಡಿತ ಇಲ್ಲದವನ ಹತ್ರ ಬಾಯಿ ಬಿಡಿಸ್ಬಾರ್ದು ಅಂತ ಜೀವಮಾನ ಇಡೀ ವಾದ ಮಾಡಿದೀನಿ. ಇವನ ಹತ್ರ ಹೆಂಗೆ ಬಿಡಿಸ್ಲಿ? ನನ್ ಮೇಲೆ ದೂರು ಕೊಡ್ಬಹುದು ನೀನು. ನಾನೇ ಬರ್ಕೊಡ್ತೀನಿ."

"ದೂರು ತಗೊಂಡು ನಾನೇನ್ ಮಾಡ್ಲಿ? ನನ್ನಮ್ಮ ಕೊನೇವರ್ಗೂ ಕೇಳ್ತಾ ಇದ್ಲು, ನಿಜ ಹೇಳು, ಏನ್ ಮಾಡಿದೀಯ ಅಂತ."

ವಿನ್ನಿ ಗೋಡೆಗೆ ಒರಗಿದರು.

೭

ಇಲ್ಲಿ ನನ್ನ ಕಥೆ ಕೆಟ್ಟಿತು. ನಿಮಗೂ ಈಗ ಕಾರಣ ಬೇಕು, ಅಲ್ಲವೇ? ಒಬ್ಬ ಕಥೆಗಾರ್ತಿಗೆ ಅದೇನು ಮಹಾ. ಮೂರು ಬರೆದೆ.

ಅ) ಅದೇ ಹೆಸರಿನ ಇನ್ನೊಬ್ಬನಿದ್ದ.

ಆ) ಲಿಬಾನ್ ಯಾರಿಗೋ ಫೋನ್ ಎರವಲು ಕೊಟ್ಟಿದ್ದ.

ಇ) ಯಾವನೋ ಗುಮಾಸ್ತ ತಪ್ಪು ಗುಂಡಿ ಒತ್ತಿದ.

ಮೂರನ್ನೂ ಲಿಬಾನನಿಗೆ ಕಳಿಸಿ, ಯಾವುದು ಇಷ್ಟ ಅಂತ ಕೇಳಿದೆ. (ನನ್ನ ಬುದ್ಧಿಗೆ ಏನೆನ್ನಬೇಕೋ ನೀವೇ ಹೇಳಿ.) ಲಾರಿ ಪಕ್ಕಕ್ಕೆ ಹಾಕಿ ಫೋನ್ ಮಾಡಿದ.

"ನಾನಿಲ್ದಾಗ ನನ್ನ ಬಗ್ಗೆ ಯಾರೋ ಒಂದು ಕಥೆ ಬರೆದ್ರು. ನಂಗೆ ತೋರಿಸ್ಲಿಲ್ಲ. ಈಗ ನೀನೂ ಬರೀತೀಯ? ನೀನು ತೋರಿಸ್ದೆ, ಅಷ್ಟೇ ವ್ಯತ್ಯಾಸ."

"ಓದೋರಿಗೆ ಕೊನೆ ಬೇಡ್ವೇನೋ?"

"ನಂಗೂ ಬೇಕಿತ್ತು. ನಾನು ಬದುಕ್ತಾ ಇಲ್ವಾ? ಅವರೂ ಇರ್ತಾರೆ ಬಿಡು."

ಮೂರನ್ನೂ ಹೊಡೆದುಹಾಕಿದ್ದೇನೆ. ಮೇಲೆ ಓದಿದ್ದನ್ನು ನೀವೂ ಹೊಡೆದುಹಾಕಿಬಿಡಿ.

೮

ನಡೆದದ್ದು ಇಷ್ಟು. ಕಾರಿಡಾರಿನಿಂದ ಲಿಬಾನ್ ಮನೆಗೆ ಹೋಗಲಿಲ್ಲ, ಮತ್ತೆ ಒಳಗೆ ಹೋದ. ಆಲ್ಡನ್ ಕೋಟಿನ ತೋಳು ಹುಡುಕುತ್ತಿದ್ದರು. ಕರೆದೊಯ್ಯಲು ಹೆಂಡತಿ ಕಾರಿನ್ ಬರುವುದು ತಡವಾಗಿತ್ತು.

"ಎಲ್ಲಿ ನಿಮ್ಮನೆ?" ಲಿಬಾನ್ ಕೇಳಿದ.

"ಬೆಥೆಸ್ಡಾ. ನೀನ್ಯಾರಪ್ಪಾ?"

"ಲಿಬಾನ್. ಬನ್ನಿ, ಬಿಡ್ತೀನಿ."

ವಿನ್ನಿ ಬಾಗಿಲಲ್ಲಿ ನಿಂತಿದ್ದರು. ತಡೆಯಬಹುದಿತ್ತು, ತಡೆಯಲಿಲ್ಲ. ಇವರಿಬ್ಬರನ್ನೂ ಒಂದೇ ಕಾರಿನಲ್ಲಿ ಕೂರಿಸಿ ಕಳಿಸುವುದೆಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಲಿಬಾನನ ಮಫ್ಲರನ್ನು ಅವನ ಕೈಗೆ ಕೊಟ್ಟು, ದಾರಿ ಬಿಟ್ಟರು.

ಅಂದಿನಿಂದ ಗುರುವಾರಗಳಂದು ಆಲ್ಡನ್ ಅವರನ್ನು ಮನೆಗೆ ಬಿಡುವುದು ಅವನೇ. ಪ್ರತಿ ಸಲ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಾನೆ. ಒಮ್ಮೆ ವಿನ್ನಿ ತಡೆಯಲಾರದೆ ಕೇಳಿದರು, ದಾರಿಯಲ್ಲಿ ಏನು ಮಾತಾಡುತ್ತೀರಿ ಅಂತ.

"ಮಂಜುಗಟ್ಟಿದ ಕೆರೆಗೆ ತೂತು ಕೊರೆದು ಮೀನು ಹಿಡಿಯೋದು ಹೇಗೆ ಅಂತ ಹೇಳಿಕೊಡ್ತಾರೆ," ಅಂದ ಲಿಬಾನ್.

"ಅಷ್ಟೇನಾ?"

"ಅವರು ಹೇಳಿದ್ದು ಅವರದು, ನಾನು ಕೇಳಿದ್ದು ನಂದು, ವಕೀಲಮ್ಮ."

ಅವನು ಆ ಪ್ರಶ್ನೆ ಕೇಳಿದ್ದಾನೋ ಇಲ್ಲವೋ, ಉತ್ತರ ಸಿಕ್ಕಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಉಪಾಯಗಳು ನನ್ನ ಕಸುಬಿನಲ್ಲಿ ಬೇಕಾದಷ್ಟಿವೆ. ಆ ಕಾರಿನೊಳಗೆ ನಾನು ಹೋಗುವುದಿಲ್ಲ, ನಿಮ್ಮನ್ನೂ ಕರೆದೊಯ್ಯುವುದಿಲ್ಲ.

ಮೊನ್ನೆ ಫುಟ್‌ಪಾತಿನಲ್ಲಿ ನಿಂತಿದ್ದಾಗ ಅವರ ಕಾರು ಸಿಗ್ನಲ್ಲಿನಲ್ಲಿ ಕಂಡಿತು. ಕಿಟಕಿಗಳು ಮುಚ್ಚಿದ್ದವು. ಆಲ್ಡನ್ ಎರಡೂ ಕೈ ಅಗಲಿಸಿ ಏನೋ ಹೇಳುತ್ತಿದ್ದರು. ಲಿಬಾನ್ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟಿದ್ದ, ಅವನ ಭುಜ ಕುಲುಕುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ನಾನು ನಿಂತಲ್ಲಿಂದ ತಿಳಿಯಲಿಲ್ಲ. ಹಸಿರು ದೀಪ ಬಂತು. ಹಿಂದಿನವರು ಹಾರನ್ ಹೊಡೆದರು. ಅವರ ಕಾರು ಕದಲಲಿಲ್ಲ.