ಸೀಸದಕಡ್ಡಿ ಉಜ್ಜಿದ ಮುಖ

ಅಪ್ಪನ ಬೆಲ್ಟು, ವಾಚು ಬಿಚ್ಚಿಸಿಕೊಂಡದ್ದು ಮಗಳೇ. ಸ್ಕ್ಯಾನ್ ಯಂತ್ರ ನಡೆಸುವುದು ಅವಳ ಕೆಲಸ. ಅಪ್ಪನಿಗೆ ಕರುಳಿನ ಕ್ಯಾನ್ಸರ್. ಲಿವರಿಗೆ ಹರಡಿಲ್ಲವೆಂದಾದರೆ ಮಾತ್ರ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು.

ನರ್ಸ್ ಸೂಜಿ ಚುಚ್ಚಿ, ಸ್ಕ್ಯಾನಿನಲ್ಲಿ ಲಿವರ್ ಸ್ಪಷ್ಟವಾಗಿ ಕಾಣಲೆಂದು ಕಬ್ಬಿಣದ ನ್ಯಾನೋ ಕಣಗಳ ಕಂದು ದ್ರವವನ್ನು ರಕ್ತಕ್ಕೆ ಬಿಟ್ಟಳು.

"ಏನೇ ಕರಿ, ನನ್ನೊಳಗೆ ತುಕ್ಕು ತುಂಬಿಸ್ತಿದೀಯಾ?" ಅಂದ ಅಪ್ಪ, ಮಗಳಿಗೆ.

"ಮಗಳನ್ನ ಹಾಗೆ ಕರೀತಾರಾ?" ನರ್ಸ್ ನಕ್ಕಳು.

"ಇವಳ ಅಕ್ಕನ್ನ ನೋಡ್ಬೇಕು ನೀವು, ಹಾಲಿನ ಬಣ್ಣ. ಇವಳು ಹುಟ್ಟಿದಾಗ, ಈ ಪ್ರಿಂಟು ಜಾಸ್ತಿ ಹೊತ್ತು ನೆನೆದು ಕಪ್ಪಾಗಿಬಿಟ್ಟಿದೆ ಅಂದಿದ್ದೆ."

ಅಪ್ಪ ಫೋಟೋ ಸ್ಟುಡಿಯೋ ನಡೆಸಿದವನು. ನೆಗೆಟಿವ್‌ನಲ್ಲಿ ಮುಖದ ಮೇಲೆ ಸೀಸದಕಡ್ಡಿಯ ಕಪ್ಪು ಪುಡಿ ಉಜ್ಜಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ; ಅದಕ್ಕೆ ಅವನು ಟಚ್ ಮಾಡುವುದು ಎನ್ನುತ್ತಿದ್ದ. ಮಗಳ ಮುಖವನ್ನು ಎಷ್ಟು ಉಜ್ಜಿದ್ದನೆಂದರೆ, ಫೋಟೋ ನೋಡಿ ಒಪ್ಪಿದ್ದ ಗಂಡು, ಬಾಗಿಲು ತೆಗೆದ ಅವಳನ್ನೇ "ನಿಮ್ಮ ತಂಗಿ ಇದಾರಾ?" ಎಂದು ಕೇಳಿದ್ದ. ಆ ಮಾತನ್ನು ಅಪ್ಪ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಅವಳೇ ಕಾಫಿ ತಂದಿಡುತ್ತಿದ್ದಳು.

ಯಂತ್ರ ಬಡಬಡಿಸಿ ಸುಮ್ಮನಾಯಿತು. ಪರದೆಯ ಮೇಲೆ ಕಪ್ಪನೆಯ ಲಿವರ್. ಅದರೊಳಗೆ ಮೂರು ಬಿಳಿ ಮಚ್ಚೆ.

ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದು ಅವಳ ಹೆಗಲ ಮೇಲಿಂದ ಇಣುಕಿದ.

"ಪುಡಿ ಸರಿಯಾಗೇ ಹತ್ತಿದೆ ಕಣೇ! ಬೆಳ್ಳಗಾಗಿರೋದು ವಾಸಿಯಾದ ಜಾಗ, ಅಲ್ವಾ? ಉಳಿದಿದ್ದೂ ನಿಧಾನಕ್ಕೆ ಬೆಳ್ಳಗಾಗುತ್ತೆ ಬಿಡು."

ಫಲಿತಾಂಶ ಹೇಳುವುದು ಡಾಕ್ಟರ ಕೆಲಸ. ಅವಳು ಇದುವರೆಗೆ ಯಾವ ರೋಗಿಗೂ ಹೇಳಿದವಳಲ್ಲ. ತಿರುಗಿ ಅಪ್ಪನ ಮುಖ ನೋಡಿದಳು. ಅಲ್ಲಿ ನಿಜವಾದ ಖುಷಿಯಿತ್ತು.

"ಉಲ್ಟಾ ಅಪ್ಪ. ಚೆನ್ನಾಗಿರೋ ಲಿವರ್ ಕಬ್ಬಿಣ ಹೀರ್ಕೊಂಡು ಕಪ್ಪಗಾಗುತ್ತೆ. ಕ್ಯಾನ್ಸರ್ ಹೀರ್ಕೊಳ್ಳಲ್ಲ. ಅದು ಬೆಳ್ಳಗೇ ಇರುತ್ತೆ."

ಅವನ ಬೆರಳು ಗುಂಡಿಯ ಮೇಲೇ ನಿಂತಿತು.

"ಹಾಗಾದ್ರೆ ಆಪರೇಷನ್ನು?"

ಅವಳು ಮತ್ತೆ ಪರದೆಯತ್ತ ತಿರುಗಿದಳು. ಹಿಂದಿನಿಂದ ಅವನ ಉಸಿರು ಕೇಳುತ್ತಿತ್ತು.

"ಡಾಕ್ಟರಿಗೆ ಕಳಿಸೋ ಮುಂಚೆ... ಸ್ವಲ್ಪ ಟಚ್ ಮಾಡಕ್ಕಾಗಲ್ವೇನಮ್ಮಾ?"

ಅಮ್ಮಾ ಎಂದು ಅವನು ಅವಳನ್ನು ಕರೆದದ್ದು ಅದೇ ಮೊದಲು.

"ಆಗುತ್ತೆ," ಅಂದಳು. "ಆದ್ರೆ ಬಾಗಿಲು ತೆಗೆದ ತಕ್ಷಣ ಗೊತ್ತಾಗಿಬಿಡುತ್ತಪ್ಪ. ನನ್ನ ವಿಷಯದಲ್ಲಿ ಗೊತ್ತಾಗ್ಲಿಲ್ವಾ?"

ಚಿತ್ರಗಳನ್ನು ಹಾಗೆಯೇ ಡಾಕ್ಟರಿಗೆ ಕಳಿಸಿದಳು. ಬೆಲ್ಟು, ವಾಚು ಅವನ ಕೈಗಿಟ್ಟು, ಮುಂದಿನ ರೋಗಿಯನ್ನು ಕರೆದಳು.