ಚರಗದ ಕೈ

"ಎಲ್ಲಾರೂ ಕೈ ತೋರಸ್ರಿ, ಯಾರ್ದು ಸ್ವಚ್ಛ ಅದ ನೋಡಮು," ಎಂದ ಕಾಶಪ್ಪ ಮುತ್ಯಾ.

ಜೈಲಿನ ಕಾಯಿಪಲ್ಲೆ ತೋಟದ ಬದಿಗೆ ಕೂತಿದ್ದ ಕೈದಿಗಳೆಲ್ಲ ನಕ್ಕರು. ಆ ಜಾಗದಲ್ಲಿ ಅಂಥ ಮಾತು ಆಡುವ ಸಲಿಗೆ ಮುತ್ಯಾನೊಬ್ಬನಿಗೇ ಇತ್ತು. ಖೂನಿ ಕೇಸಿನಲ್ಲಿ ಕರಿಗೂದಲು ಹೊತ್ತು ಬಂದವನ ತಲೆ ಇಲ್ಲೇ ಹಣ್ಣಾಗಿತ್ತು.

ಅವತ್ತು ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಹೊರಗೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿತ್ತು. ಒಳಗಿನವರಿಗೂ ನಾಲಿಗೆ ಇರುತ್ತದಲ್ಲ; ಸಾಹೇಬರ ಬೆನ್ನು ಹತ್ತಿ, ತೋಟದ್ದೇ ಮೆಂತ್ಯ, ಪಾಲಕ, ಬದನೆಕಾಯಿ ಹಾಕಿ ಭಜ್ಜಿ ಪಲ್ಯ ಕುದಿಸಿದ್ದರು. ಸಜ್ಜೆ ರೊಟ್ಟಿಗೆ ಮಾತ್ರ ದಾರಿಯಾಗಲಿಲ್ಲ. ಅಡುಗೆಮನೆಯ ಚಪಾತಿಯನ್ನೇ ಮುರಿದು ಭಜ್ಜಿಯಲ್ಲಿ ಕಲಸಿ, ಒಂದು ಬೋಗುಣಿ ಚರಗ ಮಾಡಿಟ್ಟಿದ್ದರು. ಇನ್ನು ಅದನ್ನು ತೋಟದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸಬೇಕು. ಮುಂದೆ ಒಬ್ಬ ಕೂಗುತ್ತ ಚೆಲ್ಲಬೇಕು, ಹಿಂದೆ ಒಬ್ಬ ಓಗೊಡುತ್ತ ನೀರು ಚಿಮುಕಿಸಬೇಕು. ಅಲ್ಲಿತನಕ ಯಾರೂ ತುತ್ತು ಎತ್ತುವಂತಿಲ್ಲ.

"ನಂದು ನೋಡ್ ಮುತ್ಯಾ, ಸಬಕಾರ ಹಚ್ಚಿ ತೊಳದೀನಿ," ಎಂದು ದತ್ತು ಎರಡೂ ಅಂಗೈ ಚಾಚಿದ. ಶಹಾಬಾದ ಸ್ಟೇಶನ್ನಿನ ಮುಂದೆ ನಿಂತ ಮೋಟರ್‌ಸೈಕಲ್ಲುಗಳು ಆ ಕೈಗೆ ಕೀಲಿ ಇಲ್ಲದೆಯೂ ಚಾಲೂ ಆಗುತ್ತಿದ್ದವು.

"ನಿನ್ ಕೈಯಾಗ ಕೊಟ್ರ ಬೋಗುಣಿನೂ ವಾಪಸ್ ಬರಂಗಿಲ್ಲ ಮಗನ. ಸುಮ್ ಕುಂದ್ರು." ಮುತ್ಯಾನ ಕಣ್ಣು ಸಾಲು ದಾಟಿ ಶಿವರಾಯನ ಮೇಲೆ ನಿಂತಿತು. "ನಮ್ಮೊಳಗ ಇಂವ ಒಬ್ಬನೇ ಪಾಪದಾಂವ. ಇಸ್ಪೇಟ್ ಆಡಿ ಬಂದಾನ. ಏಳಪಾ ರಾವೂರ ಧಣಿ."

ಶಿವರಾಯ ಏಳಲಿಲ್ಲ. ಬಂದ ದಿನ ಎಲ್ಲರೂ ಸುತ್ತ ಕೂತು "ಯಾತರಾಗ ಬಂದಿ?" ಎಂದು ಕೇಳಿದಾಗ ಇಸ್ಪೇಟು ಎಂಬ ಮಾತು ತಾನಾಗಿ ಬಾಯಿಂದ ಜಾರಿತ್ತು. ಅಷ್ಟಕ್ಕೆ ಜಾಮೀನು ಸಿಗಲಿಲ್ಲವೇ ಎಂದಿದ್ದ ದತ್ತು. ಜಾಮೀನಿಗೆ ನಿಲ್ಲುವವರು ಯಾರೂ ಬರಲಿಲ್ಲ ಎಂದಿದ್ದ ಶಿವರಾಯ. ಅದೊಂದು ಮಾತ್ರ ಖರೆಯಾಗಿತ್ತು.

ರಾವೂರಿನಲ್ಲಿ ಅವನದೂ ಅಣ್ಣ ಭಾಗಣ್ಣನದೂ ಹೊಲಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೇಲೆ ಮೊಳದಷ್ಟು ಎರೆಮಣ್ಣು, ಕೆಳಗೆ ಫರಸಿಕಲ್ಲು. ಖಣಿಯವರು ಆ ಕಲ್ಲಿಗೆ ರೇಟು ಕೇಳಿಕೊಂಡು ಬಂದಾಗಿನಿಂದ ಶಿವರಾಯನಿಗೆ ತೊಗರಿ ಕಾಣುವುದು ಬಿಟ್ಟು ಬರೀ ಕಲ್ಲು ಕಾಣತೊಡಗಿತ್ತು. ಗಡಿಗೆಂದು ಅಪ್ಪ ನೆಟ್ಟ ಬಾಂದಗಲ್ಲನ್ನು ಕಿತ್ತು, ಅಣ್ಣನ ಹೊಲದೊಳಗೆ ಸರಿಸಿ ನೆಟ್ಟ. ಭಾಗಣ್ಣ ನೋಡಿದ, ಬೈಯಲಿಲ್ಲ. "ಕಲ್ಲಿಗಿ ಕಾಲ್ ಬಂದಾವೇನೋ ತಮ್ಮಾ?" ಎಂದು ನಕ್ಕ. ಆ ನಗುವೇ ಮೈಗೆ ಬೆಂಕಿ ಹಚ್ಚಿತು. ಕೈಯಲ್ಲಿ ಹಾರೆ ಇತ್ತು. ಆಮೇಲೆ ಚಿತ್ತಾಪುರದ ಕೋರ್ಟಿನಲ್ಲಿ ಅಣ್ಣನನ್ನು ಕಂಡಾಗ ಅವನ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಬೇರೆ ಯಾರದೋ ಕೈಯಂತೆ ಮಲಗಿತ್ತು.

"ನಾ ಒಲ್ಲೆ ಮುತ್ಯಾ."

"ಯಾಕ? ನಿಮ್ ಹೊಲದಾಗ ಯಾರ್ ಚೆಲ್ತಿದ್ರು?"

"ಅಣ್ಣ. ನಾ ಹಿಂದ ತಂಬಗಿ ಹಿಡ್ಕೊಂಡ್ ಹೋಗ್ತಿದ್ದೆ."

"ಮತ್ತ ಅಂವನ್ನೇ ನೆನಸಿ ಚೆಲ್ಲು. ಏಳು, ಹೊಟ್ಟಿ ಚುರುಚುರು ಅನ್ನಲಿಕತ್ತದ."

ಬೋಗುಣಿ ಕೈಗೆ ಬಂತು. ಇನ್ನೂ ಬಿಸಿ ಇತ್ತು. ತೋಟದ ಮೂಲೆಗೆ ಹೋಗಿ ನಿಂತು ಒಂದು ಹಿಡಿ ತುಂಬಿಕೊಂಡ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ವಾರ್ಡನ್ ಮೆಹತಾಬ್ ಕೂಡ ಗೋಡೆಗೆ ಒರಗಿದ್ದವನು ಮುಂದೆ ಬಂದ. ಎಣ್ಣೆ ಬೆರಳ ಸಂದಿಯಿಂದ ಇಳಿದು ಮೊಣಕೈವರೆಗೆ ಹರಿಯಿತು. ಶಿವರಾಯ ಹಿಡಿಯನ್ನು ಮತ್ತೆ ಬೋಗುಣಿಯಲ್ಲೇ ಬಿಟ್ಟ.

"ಇಸ್ಪೇಟ್ ಅಲ್ಲ," ಎಂದ, ನೆಲ ನೋಡುತ್ತ. "ಬಾಂದ ಕಿತ್ತೀನಿ. ಕೇಳಲಿಕ್ಕಿ ಬಂದ ಅಣ್ಣನ ಕೈ ಮುರದೀನಿ."

ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತೇನೋ. ದತ್ತು ಚಾಚಿದ್ದ ಅಂಗೈಗಳನ್ನು ತೊಡೆಯ ಸಂದಿಗೆ ಸೇರಿಸಿಕೊಂಡ. ಮೆಹತಾಬ್ ಟೊಪ್ಪಿಗೆ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ. ಕಾಶಪ್ಪ ಮುತ್ಯಾ ಎದ್ದು ಬಂದು ಬೋಗುಣಿ ಇಸಕೊಂಡ.

"ನಾ ಮನಷ್ಯಾನ್ ಕಡದಾಂವ," ಎಂದ ಮೆಲ್ಲಗೆ. "ಆದ್ರ ಬಾಂದಗಲ್ಲ ಮುಟ್ಟಿಲ್ಲಪಾ."

ಶಿವರಾಯ ಬ್ಯಾರಕ್ಕಿನ ಕಡೆ ತಿರುಗಿದ.

"ಎಲ್ಲಿ ಹೊಂಟಿ? ತಂಬಗಿ ಹಿಡಿ."

"ನಾನಾ?"

"ಹಿಂದ ನಡದ್ ರೂಢಿ ಅದಲ್ಲ ನಿನಗ. ನಡಿ."

ಮುತ್ಯಾ "ಹುಲ್ಲುಲ್ಲಿಗೋ" ಎಂದು ಕೂಗಿ ಮೊದಲ ಹಿಡಿ ಎಸೆದ. ಹಿಂದಿನಿಂದ "ಚಲ್ಲಂಬ್ರಿಗೋ" ಎಂಬುದು ತಡವಾಗಿ ಬಂತು. ಮೆಂತ್ಯದ ಮಡಿ ದಾಟಿದರು, ಬದನೆಯ ಸಾಲು ದಾಟಿದರು. ಗೋಡೆ ಕಡೆಯ ಮೂಲೆಯಲ್ಲಿ ಮಡಿಯ ಗುರುತಿಗೆಂದು ನೆಟ್ಟ ಫರಸಿಯ ತುಂಡೊಂದು ನೀರಿಗೆ ಸಡಿಲಾಗಿ ವಾಲಿತ್ತು. ಶಿವರಾಯ ಅದನ್ನು ನೆಟ್ಟಗೆ ಮಾಡಲು ಬಗ್ಗಿದ. ಬೆರಳು ಕಲ್ಲಿಗೆ ತಾಗುವ ಮೊದಲೇ ಕೈ ಹಿಂದಕ್ಕೆ ಎಳೆದುಕೊಂಡ. ತಂಬಿಗೆಯಿಂದ ಅದರ ಬುಡಕ್ಕೆ ಒಂದಿಷ್ಟು ನೀರು ಬಿಟ್ಟು, ದೂರದಿಂದ ಸುತ್ತು ಹಾಕಿಕೊಂಡು ಮುತ್ಯಾನ ಹಿಂದೆ ನಡೆದ.